ಊಟಕ್ಕೆ ಅಡ್ಡಿಯಿಲ್ಲ, ಎಲೆ ಹಾಕುವುದಿಲ್ಲ

ಇರಾನ್ ಸರ್ಕಾರವನ್ನು ಬೈಯುವವರ ಸಾಲು ಮೊದಲೇ ಉದ್ದ. ಅದರ ಬಾಲಕ್ಕೆ ಹೋಗಿ ನಿಲ್ಲುವ ತಾಳ್ಮೆ ನನಗಿಲ್ಲ. ಹಾಗಾಗಿ ಈ ವಾರ ಅದರ ಪರವಾಗಿಯೇ ವಕಾಲತ್ತು ಹಾಕುತ್ತಿದ್ದೇನೆ, ಪುಕ್ಕಟೆಯಾಗಿ. ನನ್ನ ಕಕ್ಷಿದಾರರ ಮೇಲಿರುವ ದೂರು ಇಷ್ಟು: ಫಾರ್ಸಿಯೊಂದನ್ನೇ ನಡುಮನೆಯಲ್ಲಿ ಕೂರಿಸಿ ದೇಶದ ಉಳಿದ ಭಾಷೆಗಳನ್ನೆಲ್ಲ ಜಗಲಿಯಲ್ಲಿ ನಿಲ್ಲಿಸಿದ್ದಾರೆ. ಸುಳ್ಳು, ಶುದ್ಧ ಸುಳ್ಳು. ದಾಖಲೆ ನನ್ನ ಕೈಯಲ್ಲಿದೆ.

1979ರ ಸಂವಿಧಾನದ 15ನೇ ವಿಧಿಯನ್ನೇ ತೆಗೆದುಕೊಳ್ಳಿ. ದೇಶದ ಅಧಿಕೃತ ಭಾಷೆ ಮತ್ತು ಲಿಪಿ ಫಾರ್ಸಿ. ಸರ್ಕಾರಿ ದಾಖಲೆ, ಪತ್ರವ್ಯವಹಾರ, ಪಠ್ಯಪುಸ್ತಕ ಎಲ್ಲವೂ ಅದರಲ್ಲೇ ಇರತಕ್ಕದ್ದು. ದೂರುದಾರರು ಇಲ್ಲಿಗೇ ಓದು ನಿಲ್ಲಿಸಿ ಎದೆ ಬಡಿದುಕೊಳ್ಳುತ್ತಾರೆ. ಮುಂದಿನ ವಾಕ್ಯವನ್ನೂ ಓದಬೇಕು ಸ್ವಾಮಿ. ಪತ್ರಿಕೆಗಳಲ್ಲಿ, ಪ್ರಸಾರ ಮಾಧ್ಯಮಗಳಲ್ಲಿ ಸ್ಥಳೀಯ ಮತ್ತು ಜನಾಂಗೀಯ ಭಾಷೆಗಳನ್ನು ಬಳಸುವುದಕ್ಕೆ, ಶಾಲೆಗಳಲ್ಲಿ ಫಾರ್ಸಿಯ ಜೊತೆಗೆ ಅವುಗಳ ಸಾಹಿತ್ಯವನ್ನು ಕಲಿಸುವುದಕ್ಕೆ ಸ್ವಾತಂತ್ರ್ಯವಿದೆ. ಇನ್ನೇನು ಬೇಕು?

ಮೊದಲ ಅರ್ಧದಲ್ಲಿ 'ತಕ್ಕದ್ದು' ಇದೆ, ಎರಡನೆಯ ಅರ್ಧದಲ್ಲಿ 'ಅಡ್ಡಿಯಿಲ್ಲ' ಇದೆ ಎಂದು ಕೆಲವು ಕಾನೂನು ಪಂಡಿತರು ತಕರಾರು ತೆಗೆಯುತ್ತಾರೆ. ಊಟಕ್ಕೆ ಅಡ್ಡಿಯಿಲ್ಲ ಬನ್ನಿ ಎಂದ ಯಜಮಾನ ಎಲೆಯನ್ನೂ ಹಾಕಿಸಬೇಕೆಂದು ಯಾವ ಶಾಸ್ತ್ರದಲ್ಲಿ ಬರೆದಿದೆ? ಯಾರು ಕಲಿಸಬೇಕು, ಯಾವ ಪುಸ್ತಕದಿಂದ ಕಲಿಸಬೇಕು, ಮೇಷ್ಟರ ಸಂಬಳ ಯಾರ ತಲೆಗೆ ಎಂಬ ಚಿಲ್ಲರೆ ವಿಚಾರಗಳನ್ನು ವಿಧಿ ಮೈಗೆ ಹಚ್ಚಿಕೊಂಡಿಲ್ಲ. ನಾಲ್ಕು ದಶಕ ದಾಟಿದ ಮೇಲೂ ಈ ಸ್ವಾತಂತ್ರ್ಯ ಒಂದಿಷ್ಟೂ ಸವೆಯದೆ ಹೊಸದರಂತೆ ಇದೆ. ಬಳಸಿದ್ದರೆ ತಾನೇ ಸವೆಯುವುದು!

ಪಕ್ಕದ 16ನೇ ವಿಧಿಯಲ್ಲಿ ಮಾತ್ರ ಇಂಥ ಗೊಂದಲವಿಲ್ಲ. ಅರಬ್ಬಿ ಕುರಾನಿನ ಭಾಷೆಯಾದ್ದರಿಂದ ಪ್ರಾಥಮಿಕ ಶಾಲೆಯ ನಂತರ ಎಲ್ಲ ತರಗತಿಗಳಲ್ಲೂ ಅದನ್ನು ಕಲಿಸಲೇಬೇಕು. ಖೂಜೆಸ್ತಾನದ ಅಹ್ವಾಜಿನಲ್ಲಿರುವ ಅರಬ್ ಹುಡುಗನಿಗೆ ಹಾಗಾದರೆ ಸುಗ್ಗಿ ಎಂದುಕೊಂಡಿರಾ? ಅವನಿಗೆ ಸಿಗುವುದು ಗ್ರಂಥದ ಅರಬ್ಬಿಯ ವ್ಯಾಕರಣ, ಅದೂ ಫಾರ್ಸಿಯಲ್ಲಿ ವಿವರಿಸಿದ್ದು. ಅವನಮ್ಮ ಬೈಯುವ ಅರಬ್ಬಿಗೂ ಆ ಪುಸ್ತಕಕ್ಕೂ ಪರಿಚಯವಿಲ್ಲ. ಮನೆಯಲ್ಲಿ ಅರಬ್ಬಿ ಆಡಿಕೊಂಡು ಬೆಳೆದವನು ಶಾಲೆಯಲ್ಲಿ ಅರಬ್ಬಿಗೇ ಫೇಲಾಗಬಹುದಾದ ಏರ್ಪಾಟು ಇದು. ಇಷ್ಟು ನಾಜೂಕಾದ ಏರ್ಪಾಟನ್ನು ನಮ್ಮ ಯಾವ ಪಠ್ಯಕ್ರಮ ಸಮಿತಿಯೂ ಇನ್ನೂ ಕಂಡುಹಿಡಿದಿಲ್ಲ.

ಇರಾನಿನಲ್ಲಿ ಫಾರ್ಸಿ ಮನೆಮಾತಾಗಿರುವವರು ಎಷ್ಟು ಮಂದಿ? ಅರ್ಧಕ್ಕಿಂತ ಒಂದಿಷ್ಟು ಹೆಚ್ಚು ಅನ್ನುವವರಿದ್ದಾರೆ, ಅರ್ಧವೂ ಇಲ್ಲ ಅನ್ನುವವರಿದ್ದಾರೆ. ಜಗಳ ತೀರಿಸಬೇಕಾದ ಜನಗಣತಿಯವರು ಮನೆಯ ವಿವರ, ಮಂದಿಯ ವಿವರ ಎಲ್ಲ ಬರೆದುಕೊಂಡು, ಮನೆಮಾತು ಯಾವುದೆಂದು ಮಾತ್ರ ಕೇಳದೆ ಹೊರಟುಬಿಡುತ್ತಾರೆ. ಕೇಳಿದರೆ ಉತ್ತರ ಬರುತ್ತದೆ. ಉತ್ತರ ಬಂದರೆ ಲೆಕ್ಕ ಇಡಬೇಕು. ಲೆಕ್ಕ ಸಿಕ್ಕಿದವರು ನಾಳೆ ಶಾಲೆ ಕೇಳುತ್ತಾರೆ.

ಒಂದು ವೇಳೆ ಕೇಳಿದ್ದರೆ ಗಣತಿದಾರರ ಕೈ ಸೋತುಹೋಗುತ್ತಿತ್ತು ಅನ್ನುವುದೂ ನಿಜ. ತಬ್ರೀಜ್, ಅರ್ದಬಿಲ್ ಕಡೆ ಅಜೆರಿ ತುರ್ಕಿ. ಸನಂದಜ್, ಮಹಾಬಾದ್ ಕಡೆ ಕುರ್ದಿಷ್. ಕ್ಯಾಸ್ಪಿಯನ್ ತೀರದ ಮಳೆನಾಡಿನಲ್ಲಿ ಗಿಲಕಿ ಮತ್ತು ಮಾಜಂದರಾನಿ, ಝಾಗ್ರೋಸ್ ಬೆಟ್ಟಗಳಲ್ಲಿ ಲೂರಿ ಮತ್ತು ಬಖ್ತಿಯಾರಿ. ಶಿರಾಜಿನ ಸುತ್ತ ಕುರಿಮಂದೆಯ ಹಿಂದೆ ಅಲೆಯುವ ಕಶ್ಕಾಯಿಗಳದ್ದು ಒಂದು ತುರ್ಕಿ, ಈಶಾನ್ಯದ ತುರ್ಕಮೆನ್ನರದ್ದು ಇನ್ನೊಂದು ತುರ್ಕಿ. ಫೆರೇದುನ್‌ಶಹರ್ ಎಂಬ ಬೆಟ್ಟದ ಊರಿನಲ್ಲಿ ಇವತ್ತಿಗೂ ಜಾರ್ಜಿಯನ್ ಆಡುವವರಿದ್ದಾರೆ. 17ನೇ ಶತಮಾನದಲ್ಲಿ ಶಾ ಅಬ್ಬಾಸ್ ಅವರ ಮುತ್ತಜ್ಜಂದಿರನ್ನು ಕಾಕಸಸ್‌ನಿಂದ ಎಬ್ಬಿಸಿಕೊಂಡು ಬಂದಿದ್ದ. ಅವನೇ ಎಬ್ಬಿಸಿ ತಂದ ಅರ್ಮೇನಿಯನ್ನರು ಇಸ್ಫಹಾನಿನ ಹೊಸ ಜುಲ್ಫಾದಲ್ಲಿ ಅಚ್ಚುಕೂಟ ಹಾಕಿ 1638ರಲ್ಲಿ ಕೀರ್ತನೆಗಳ ಪುಸ್ತಕ ಅಚ್ಚುಹಾಕಿದರು. ಇರಾನಿನ ನೆಲದಲ್ಲಿ ಮೊದಲು ಅಚ್ಚಾದ ಪುಸ್ತಕ ಅರ್ಮೇನಿಯನ್ ಭಾಷೆಯದು. ಫಾರ್ಸಿ ಇನ್ನೂ ಲೇಖನಿಯನ್ನೇ ಮಸೆಯುತ್ತಿತ್ತು. ಪೂರ್ವದ ಸಿಸ್ತಾನ್-ಬಲೂಚಿಸ್ತಾನದಲ್ಲಿ ಬಲೂಚಿ, ಅದರ ನೆರಳಲ್ಲಿ ಬ್ರಾಹುಯಿ ಆಡುವ ಒಂದಿಷ್ಟು ಮನೆಗಳು. ಬ್ರಾಹುಯಿ ದ್ರಾವಿಡ ನುಡಿ, ಅಂದರೆ ಕನ್ನಡದ ದಾಯಾದಿ. ಯಾವ ಕಾಲದಲ್ಲಿ ಹಿಸ್ಸೆ ಆಯಿತೋ, ಅವರು ಅಲ್ಲಿ, ನಾವು ಇಲ್ಲಿ. ಗಣತಿಯ ಅರ್ಜಿಯಲ್ಲಿ ನಮ್ಮ ದಾಯಾದಿಗೂ ಕಾಲಂ ಇಲ್ಲ.

ಇಷ್ಟೆಲ್ಲ ಇದ್ದರೂ ನನ್ನ ಕಕ್ಷಿದಾರರು ಒಂದು ಉಪಾಯದಿಂದ ಪಟ್ಟಿಯನ್ನು ಗಿಡ್ಡ ಮಾಡಿದ್ದಾರೆ. ಗಿಲಕಿ, ಲೂರಿ, ಮಾಜಂದರಾನಿಯಂಥವು ಭಾಷೆಗಳೇ ಅಲ್ಲ, ಉಪಭಾಷೆಗಳು. ತೆಹ್ರಾನಿನವನಿಗೆ ಅರ್ಥವಾದರೆ ಉಪಭಾಷೆ, ಅರ್ಥವಾಗದಿದ್ದರೆ ಪ್ರತ್ಯೇಕತಾವಾದ. (ತುಳುವಿನವರು ಇಲ್ಲಿ ನಗುತ್ತಿದ್ದರೆ ನಗಲಿ. ದಿಲ್ಲಿಯ ಮುಂದೆ ತಬ್ರೀಜಿನವರಂತೆ ಮುಷ್ಟಿ ಎತ್ತುವ ನಾವು ಮಂಗಳೂರಿಗೆ ಹೋದಾಗ ತೆಹ್ರಾನಿನವರಂತೆ ಕುರ್ಚಿ ಎಳೆದು ಕೂರುತ್ತೇವೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತು.)

ಇತಿಹಾಸ ಮಾತ್ರ ನನ್ನ ಕಕ್ಷಿದಾರರಿಗೆ ಸರಿಯಾಗಿ ಸಹಕರಿಸಿಲ್ಲ. ಈ ತೊಂದರೆಯನ್ನು ವಕೀಲನಾಗಿ ನಾನು ಒಪ್ಪಿಕೊಳ್ಳಬೇಕು. ರಾಜಾಧಿರಾಜ ದಾರ್ಯವುಷ್ ತನ್ನ ಪ್ರತಾಪವನ್ನು ಬೇಹಿಸ್ತೂನ್ ಬಂಡೆಯ ಮೇಲೆ ಕೆತ್ತಿಸಿದಾಗ ಮೂರು ಭಾಷೆಗಳಲ್ಲಿ ಕೆತ್ತಿಸಿದ: ಹಳೆಯ ಪರ್ಷಿಯನ್, ಎಲಾಮೈಟ್, ಬ್ಯಾಬಿಲೋನಿಯನ್. ದೊರೆ ಮೂರು ಭಾಷೆ ಮಾಡಿದ್ದಕ್ಕೆ ಸಾಮ್ರಾಜ್ಯ ಒಡೆದ ದಾಖಲೆ ಸಿಕ್ಕಿಲ್ಲ. ಪರ್ಸೆಪೊಲಿಸ್‌ನ ಕೋಟೆಗೋಡೆಯಲ್ಲಿ ಸಿಕ್ಕ ಸಾವಿರಾರು ಲೆಕ್ಕದ ಮಣ್ಣುಹಲಗೆಗಳು ಬಹುಪಾಲು ಎಲಾಮೈಟ್‌ನವು. ಹಳೆಯ ಪರ್ಷಿಯನ್ನಿನದು ಅಂತ ವಿದ್ವಾಂಸರ ಕೈಗೆ ಸಿಕ್ಕಿರುವುದು ಒಂದೇ ಒಂದು. 1971ರಲ್ಲಿ ಮೊಹಮ್ಮದ್ ರೆಜಾ ಶಾ ಅದೇ ಪರ್ಸೆಪೊಲಿಸ್‌ನಲ್ಲಿ ಡೇರೆ ಹಾಕಿಸಿ ದೇಶದೇಶಗಳ ದೊರೆಗಳಿಗೆ 2500 ವರ್ಷಗಳ ರಾಜಪರಂಪರೆಯ ಔತಣ ಬಡಿಸಿದ. ಆ ಪರಂಪರೆಯ ಗುಮಾಸ್ತರು ಜವೆಯ ಲೆಕ್ಕವನ್ನು, ಹೆಂಡದ ಲೆಕ್ಕವನ್ನು ಬೇರೆ ಭಾಷೆಯಲ್ಲಿ ಬರೆಯುತ್ತಿದ್ದರೆಂದು ಯಾರೂ ಊಟ ಕೆಡಿಸಲಿಲ್ಲ.

ಇನ್ನೂ ಮುಂದೆ ಬನ್ನಿ. ಇರಾನನ್ನು ಶಿಯಾ ರಾಷ್ಟ್ರ ಮಾಡಿದ ಶಾ ಇಸ್ಮಾಯಿಲ್, ಖತಾಯಿ ಎಂಬ ಕಾವ್ಯನಾಮದಲ್ಲಿ ಕವಿತೆ ಬರೆದದ್ದು ತುರ್ಕಿಯಲ್ಲಿ. 1514ರಲ್ಲಿ ಚಾಲ್ದಿರಾನ್ ಬಯಲಲ್ಲಿ ಅವನನ್ನು ಸೋಲಿಸಿದ ಆಟೋಮನ್ ಸುಲ್ತಾನ ಸಲೀಮ್ ಕವಿತೆ ಬರೆದದ್ದು ಫಾರ್ಸಿಯಲ್ಲಿ. ಇರಾನಿನ ದೊರೆ ತುರ್ಕಿ ಕವಿ, ತುರ್ಕರ ದೊರೆ ಫಾರ್ಸಿ ಕವಿ! ಇಬ್ಬರೂ ಫಿರಂಗಿ, ಕುದುರೆ, ಮತಧರ್ಮಗಳ ವಿಷಯಕ್ಕೆ ಕಡಿದಾಡಿದರು. ಭಾಷೆಗಾಗಿ ಹೊಡೆದಾಡಬಹುದೆಂಬುದು ಪಾಪ, ಅವರಿಗೆ ಹೊಳೆದಿರಲಿಲ್ಲ.

ಫಾರ್ಸಿ ದೊಡ್ಡದಾದದ್ದೇ ಹೀಗೆ. ತುರ್ಕ ದೊರೆಗಳು ಅದನ್ನು ಆಸ್ಥಾನದಲ್ಲಿಟ್ಟು ಸಾಕಿದರು. ಬೋಸ್ನಿಯಾದಿಂದ ಬಂಗಾಳದವರೆಗೆ ಓದಿದವರೆಲ್ಲ ಸಾದಿ, ಹಾಫಿಜ್ ಎಂದು ತಲೆದೂಗಿದರು. ಈಸ್ಟ್ ಇಂಡಿಯಾ ಕಂಪನಿಯ ಕಚೇರಿಗಳೂ 1837ರವರೆಗೆ ಅದರಲ್ಲೇ ಕಾಗದ ಓಡಿಸಿದವು. ಬಗರ್‌ಹುಕುಂ ಅರ್ಜಿ ಹಿಡಿದು ಶಿರಸ್ತೇದಾರರ ಮುಂದೆ ನಿಂತ ನಮ್ಮ ರೈತ ಇಂದಿಗೂ ಅರ್ಧ ಫಾರ್ಸಿಯನ್ನೇ ಆಡುತ್ತಾನೆ, ಅವನಿಗೆ ಗೊತ್ತಿಲ್ಲ ಅಷ್ಟೇ. ಈ ವಿಸ್ತಾರದಲ್ಲೆಲ್ಲೂ ಫಾರ್ಸಿಗೆ ಕಾವಲುಗಾರ ಬೇಕಾಗಿರಲಿಲ್ಲ.

ಕಾವಲುಗಾರ ಬಂದದ್ದು 1925ರಲ್ಲಿ. ರೆಜಾ ಶಾ ಪಟ್ಟವೇರಿದ. ಒಂದು ದೇಶ, ಒಂದು ಟೋಪಿ, ಒಂದು ಭಾಷೆ ಎಂದ. 1935ರಲ್ಲಿ ಅಕಾಡೆಮಿ ತೆರೆದು ಅರಬ್ಬಿ, ತುರ್ಕಿ ಪದಗಳನ್ನು ಹೆಕ್ಕಿ ಹೊರಗೆಸೆಯುವ ಕೆಲಸ ಹಚ್ಚಿದ. ಊರುಗಳ ಹೆಸರೂ ತೊಳೆದು ಸ್ವಚ್ಛವಾದವು. ಅರಬ್ಬರ ಮೊಹಮ್ಮರಾ ಹೋಗಿ ಖೊರ್ರಮ್‌ಶಹರ್ ಆಯಿತು. ಉರ್ಮಿಯಾಕ್ಕೆ ರೆಜಾಯಿಯೆ ಎಂದು ತನ್ನ ಹೆಸರನ್ನೇ ಇಡಿಸಿದ. ರೆಜಾ ಎಂಬುದೇ ಅರಬ್ಬಿಯಿಂದ ಬಂದ ಹೆಸರು ಎಂದು ದೊರೆಗೆ ತಿಳಿಸುವಷ್ಟು ಶುದ್ಧ ಫಾರ್ಸಿ ಅಕಾಡೆಮಿಯ ಯಾರಿಗೂ ಬರುತ್ತಿರಲಿಲ್ಲವೆಂದು ಕಾಣುತ್ತದೆ. ಅಂದಹಾಗೆ ರೆಜಾ ಶಾ ಹುಟ್ಟಿದ ಅಲಾಷ್ಟ್ ಹಳ್ಳಿ ಮಾಜಂದರಾನಿನದು. ಊರಿನ ಮಾತು ಮಾಜಂದರಾನಿ. ಅಜರ್ಬೈಜಾನ್ ಪ್ರಾಂತ್ಯದವರು ಮೂಲದಲ್ಲಿ ತುರ್ಕಿ ಆಡುವವರೇ ಅಲ್ಲ, ಯಾರೋ ಬಂದು ಕಲಿಸಿಹೋದದ್ದು ಎಂದು 1920ರ ದಶಕದಲ್ಲಿ ಪುಸ್ತಕ ಬರೆದು ತೋರಿಸಿದ ಪಂಡಿತ ಅಹ್ಮದ್ ಕಸ್ರವಿ ತಬ್ರೀಜಿನವನು, ಮನೆಮಾತು ತುರ್ಕಿ. 1989ರಲ್ಲಿ ಸರ್ವೋಚ್ಚ ನಾಯಕನ ಪೀಠವೇರಿದ ಖಮೇನಿಯವರ ತಂದೆಯ ಕಡೆಯವರು ಅಜೆರಿಗಳು. ಫಾರ್ಸಿಯ ಬಾಗಿಲು ಕಾಯಲು ಮನೆಯವರು ಸಿಗಲಿಲ್ಲವೆಂದೋ ಏನೋ, ಸದಾ ಪಕ್ಕದ ಮನೆಯವರೇ ಕೋಲು ಹಿಡಿದು ನಿಂತಿದ್ದಾರೆ.

1945ರ ಡಿಸೆಂಬರಿನಲ್ಲಿ ಸೋವಿಯತ್ ಸೈನ್ಯದ ಬೆಂಬಲದಿಂದ ತಬ್ರೀಜಿನಲ್ಲಿ ಪಿಶೆವರಿ ಎಂಬ ಸ್ಥಳೀಯ ನಾಯಕನ ಸ್ವಾಯತ್ತ ಸರ್ಕಾರ ಬಂತು. ತುರ್ಕಿ ಅಧಿಕೃತ ಭಾಷೆಯಾಯಿತು, ತುರ್ಕಿಯಲ್ಲಿ ಪಠ್ಯಪುಸ್ತಕ ಅಚ್ಚಾದವು. ಸರಿಯಾಗಿ ಒಂದೇ ವರ್ಷ. 1946ರ ಡಿಸೆಂಬರಿನಲ್ಲಿ ಮೊಹಮ್ಮದ್ ರೆಜಾ ಶಾನ ಸೈನ್ಯ ಬಂದಿತು, ಆ ಪುಸ್ತಕಗಳು ಬೆಂಕಿಗೆ ಬಿದ್ದವು. ಆಗ ತಬ್ರೀಜಿನ ಶಾಲೆಯಲ್ಲಿದ್ದ ರೆಜಾ ಬರಾಹೆನಿ, ಮುಂದೆ ಫಾರ್ಸಿಯ ದೊಡ್ಡ ವಿಮರ್ಶಕ, ಕಾದಂಬರಿಕಾರ, ಒಂದು ಪ್ರಸಂಗ ಹೇಳಿಕೊಂಡಿದ್ದಾರೆ: ಹುಡುಗ ತುರ್ಕಿಯಲ್ಲಿ ಗೋಡೆಪತ್ರಿಕೆ ಬರೆದದ್ದಕ್ಕೆ ಶಾಯಿಯನ್ನು ಅವನಿಂದಲೇ ನೆಕ್ಕಿಸಿದರು. ಇದರ ಮೇಲೆ ವ್ಯಂಗ್ಯ ಮಾಡುವುದು ನನ್ನಿಂದಾಗದು. ಆ ಹುಡುಗ ದೊಡ್ಡವನಾಗಿ ಫಾರ್ಸಿಯಲ್ಲಿ ಬರೆದು ಆ ಭಾಷೆಯನ್ನು ಶ್ರೀಮಂತ ಮಾಡಿದ ಎಂಬುದಷ್ಟನ್ನು ಲೆಕ್ಕಕ್ಕೆ ಬರೆದುಕೊಳ್ಳಿ. ಅಜರ್ಬೈಜಾನಿನ ಹಳ್ಳಿಶಾಲೆಗಳಲ್ಲಿ ಮೇಷ್ಟರಾಗಿದ್ದ ಸಮದ್ ಬೆಹ್ರಂಗಿಯೂ ಅಷ್ಟೇ. ತುರ್ಕಿ ಆಡುವ ಮಕ್ಕಳ ಮುಂದೆ ತೆಹ್ರಾನಿನ ಮಕ್ಕಳಿಗಾಗಿ ಬರೆದ ಪಠ್ಯ ಹಿಡಿದು ನಿಲ್ಲುವ ಕಷ್ಟವನ್ನು ಬರೆದರು, 'ಪುಟ್ಟ ಕಪ್ಪು ಮೀನು' ಎಂಬ ಮಕ್ಕಳ ಕಥೆ ಬರೆದರು, 1968ರಲ್ಲಿ ಅರಸ್ ನದಿಯಲ್ಲಿ ಮುಳುಗಿ ತೀರಿಕೊಂಡರು. ಆ ಕಥೆಯನ್ನೂ ಫಾರ್ಸಿಯ ಆಸ್ತಿಗೆ ಸೇರಿಸಿಕೊಂಡಾಯಿತು.

ಸೇರಿಸಿಕೊಳ್ಳುವುದರಲ್ಲಿ ನನ್ನ ಕಕ್ಷಿದಾರರು ಧಾರಾಳಿಗಳು. ಪ್ರತಿವರ್ಷ ಸೆಪ್ಟೆಂಬರ್ 18ರಂದು ಇರಾನಿನಲ್ಲಿ ಫಾರ್ಸಿ ಕಾವ್ಯ ಮತ್ತು ಸಾಹಿತ್ಯದ ರಾಷ್ಟ್ರೀಯ ದಿನ. ಫಿರ್ದೌಸಿಯ ನೆನಪಿಗೋ, ಹಾಫಿಜನ ನೆನಪಿಗೋ? ಅಲ್ಲ, ಅದು 1988ರಲ್ಲಿ ಶಹ್ರಿಯಾರ್ ತೀರಿಕೊಂಡ ದಿನ. ತಬ್ರೀಜಿನ ಶಹ್ರಿಯಾರ್ ಫಾರ್ಸಿ ಗಜಲುಗಳನ್ನು ಬರೆದದ್ದು ನಿಜ, ಚೆನ್ನಾಗಿಯೇ ಬರೆದರು. ಆದರೆ ಇರಾನಿನ ಗಡಿ ದಾಟಿ ಬಾಕು, ಇಸ್ತಾಂಬುಲ್‌ವರೆಗೆ ಜನ ಬಾಯಿಪಾಠ ಮಾಡಿಕೊಂಡದ್ದು ಅವರು ಅಜೆರಿ ತುರ್ಕಿಯಲ್ಲಿ ಬರೆದ 'ಹೈದರ್ ಬಾಬಾಗೆ ಸಲಾಂ' ಎಂಬ ಕಾವ್ಯವನ್ನು. ಆ ಕಾವ್ಯವನ್ನು ಅದರದೇ ಭಾಷೆಯಲ್ಲಿ ಓದಲು ತಬ್ರೀಜಿನ ಯಾವ ಸರ್ಕಾರಿ ಶಾಲೆಯೂ ಮಕ್ಕಳಿಗೆ ಅಕ್ಷರ ಕಲಿಸುವುದಿಲ್ಲ. ದಿನ ಆಚರಿಸಲು ಕವಿ ಬೇಕು, ಕವಿಯ ಅಮ್ಮನ ಭಾಷೆ ಬೇಡ.

ಇನ್ನು ಮಕ್ಕಳ ವಿಷಯ. ಇರಾನಿನ ಶಿಕ್ಷಣ ಇಲಾಖೆಯ ಪರಿಭಾಷೆಯಲ್ಲಿ ತಬ್ರೀಜು, ಸನಂದಜುಗಳೆಲ್ಲ 'ದ್ವಿಭಾಷಾ ಪ್ರದೇಶ'. ಮನೆಯಲ್ಲಿ ತುರ್ಕಿಯೊಂದನ್ನೇ ಆಡುವ, ಫಾರ್ಸಿಯ ಒಂದಕ್ಷರ ಬಾರದ ಆರು ವರ್ಷದ ಮಗು ಶಾಲೆಯ ಮೆಟ್ಟಿಲು ಹತ್ತುವ ಮೊದಲೇ ದ್ವಿಭಾಷಿ! ಇಷ್ಟು ಬೇಗ ಎರಡು ಭಾಷೆಯ ಪಾಂಡಿತ್ಯ ಬೇರೆಲ್ಲೂ ಸಿಗಲಾರದು. ಒಂದನೇ ತರಗತಿಗೆ ಸೇರುವ ಮೊದಲು ಮಕ್ಕಳ ಕಣ್ಣು, ಕಿವಿ, ಬುದ್ಧಿಯ ಬೆಳವಣಿಗೆ ಸರಿಯಿದೆಯೇ ಎಂದು ನೋಡುವ ತಪಾಸಣೆ ಅಲ್ಲಿದೆ. ಅದನ್ನು ನಡೆಸುವುದು ವಿಶೇಷ ಮಕ್ಕಳ ಶಿಕ್ಷಣ ನೋಡಿಕೊಳ್ಳುವ ಸಂಸ್ಥೆ. 2019ರಲ್ಲಿ ಅದೇ ತಪಾಸಣೆಗೆ 'ಮಗುವಿಗೆ ಸಾಕಷ್ಟು ಫಾರ್ಸಿ ಬರುತ್ತದೆಯೇ' ಎಂಬುದನ್ನೂ ಸೇರಿಸುವ ಯೋಜನೆ ಹೊರಬಿತ್ತು. ಕಿವಿ ಕೇಳಿಸುತ್ತದೆಯೇ? ಹೌದು. ಕಣ್ಣು ಕಾಣುತ್ತದೆಯೇ? ಹೌದು. ತುರ್ಕಿ ಆಡುತ್ತದೆಯೇ? ಅಯ್ಯೋ ಪಾಪ, ಯಾವಾಗಿನಿಂದ? ಈ ತಪಾಸಣೆ 2500 ವರ್ಷ ಹಿಂದೆಯೇ ಬಂದಿದ್ದರೆ ದಾರ್ಯವುಷನ ಎಲಾಮೈಟ್ ಗುಮಾಸ್ತರು ಸಾಲಾಗಿ ವಿಶೇಷ ಶಾಲೆಗೆ ಹೋಗಬೇಕಾಗಿತ್ತು.

ಮಾಧ್ಯಮದಲ್ಲಿ ಪ್ರಾದೇಶಿಕ ಭಾಷೆಗೆ ಸ್ವಾತಂತ್ರ್ಯವಿದೆ ಎಂದೆನಲ್ಲ, ಅದನ್ನು ಕಾರ್ಯರೂಪಕ್ಕೆ ತಂದಿಲ್ಲ ಎಂದು ಯಾರೂ ಹೇಳುವಂತಿಲ್ಲ. 2006ರ ಮೇ ತಿಂಗಳಲ್ಲಿ ಸರ್ಕಾರದ್ದೇ ಆದ 'ಇರಾನ್' ಪತ್ರಿಕೆಯ ಮಕ್ಕಳ ಪುಟದಲ್ಲಿ ಅಜೆರಿ ಮಾತು ಅಚ್ಚಾಯಿತು. ಆಡಿದ್ದು ಒಂದು ಜಿರಲೆ. ಜಿರಲೆಗಳ ಕಾಟಕ್ಕೆ ಪರಿಹಾರವೇನು ಎಂಬ ತಮಾಷೆ ಬರಹಕ್ಕೆ ಮಾನಾ ನೆಯೆಸ್ತಾನಿ ಬರೆದ ವ್ಯಂಗ್ಯಚಿತ್ರದಲ್ಲಿ ಹುಡುಗ ಜಿರಲೆಯ ಭಾಷೆಯಲ್ಲಿ ಮಾತಾಡಿಸಿ ನೋಡುತ್ತಾನೆ, ಜಿರಲೆ 'ನಮನ?' ಎನ್ನುತ್ತದೆ. ಕೈಮುಗಿಯಿತು ಎಂದುಕೊಳ್ಳಬೇಡಿ, ಅಜೆರಿಯಲ್ಲಿ ಹಾಗಂದರೆ 'ಏನಂದೆ?'. ತಬ್ರೀಜು, ಉರ್ಮಿಯಾಗಳಲ್ಲಿ ಜನ ಬೀದಿಗಿಳಿದರು, ಗುಂಡು ಹಾರಿತು, ಪತ್ರಿಕೆಗೆ ಬೀಗ ಬಿತ್ತು, ಚಿತ್ರಕಾರ ಜೈಲು ಸೇರಿ ಆಮೇಲೆ ದೇಶವನ್ನೇ ಬಿಟ್ಟ. ತಾನು ಆ ಅರ್ಥದಲ್ಲಿ ಬರೆದದ್ದಲ್ಲ ಎಂದು ಅವನು ಹೇಳಿದ, ಇರಬಹುದು. ಆದರೆ ತೆಹ್ರಾನಿನ ಹರಟೆಯಲ್ಲಿ ಪೆದ್ದನ ಪಾತ್ರ ಯಾವಾಗಲೂ ತುರ್ಕನದೇ ಆಗಿ ತಲೆಮಾರುಗಳು ಕಳೆದಿರುವಾಗ ಜಿರಲೆಗೂ ಆ ಪಾತ್ರ ಸಿಕ್ಕರೆ ಕೇಳುಗರು ಅರ್ಥವನ್ನು ತಾವೇ ಹೊಂದಿಸಿಕೊಳ್ಳುತ್ತಾರೆ. ಒಂಬತ್ತು ವರ್ಷ ಬಿಟ್ಟು, 2015ರಲ್ಲಿ, ಸರ್ಕಾರಿ ಟಿವಿಯೂ ತನ್ನ ಪಾಲಿನ ಸೇವೆ ಸಲ್ಲಿಸಿತು. ಮಕ್ಕಳ ಕಾರ್ಯಕ್ರಮವೊಂದರಲ್ಲಿ ಅಜೆರಿ ಧಾಟಿಯಲ್ಲಿ ಮಾತಾಡುವ ಪಾತ್ರ ಕಕ್ಕಸು ತೊಳೆಯುವ ಬ್ರಷ್ಷಿನಿಂದ ಹಲ್ಲು ಉಜ್ಜಿತು. ಮತ್ತೆ ಬೀದಿ, ಮತ್ತೆ ಕ್ಷಮಾಪಣೆ. 15ನೇ ವಿಧಿಯ ಪ್ರಕಾರ ಎಲ್ಲವೂ ಸರಿಯಾಗಿದೆ. ಭಾಷೆ ಬಳಸಲು ಅಡ್ಡಿಯಿಲ್ಲ ಎಂದಿದೆಯೇ ಹೊರತು ಯಾರ ಬಾಯಲ್ಲಿ ಎಂದು ಬರೆದಿಲ್ಲ.

ಕಲಿಸುವ ಸ್ವಾತಂತ್ರ್ಯದ ಕಥೆ ಇನ್ನೂ ಚಿಕ್ಕದು. ಸನಂದಜಿನ ಝಾರಾ ಮೊಹಮ್ಮದಿ ಕುರ್ದಿಷ್ ಕಲಿಸುತ್ತಿದ್ದರು. 2019ರಲ್ಲಿ ಬಂಧನ, ರಾಷ್ಟ್ರದ ಭದ್ರತೆ ಕೆಡಿಸುವ ಗುಂಪು ಕಟ್ಟಿದ ಆರೋಪ, ಹತ್ತು ವರ್ಷ ಶಿಕ್ಷೆ. ಮೇಲ್ಮನವಿಯಲ್ಲಿ ಅದು ಐದಕ್ಕಿಳಿಯಿತು. 2022ರ ಜನವರಿಯಲ್ಲಿ ಒಳಗೆ ಹೋದವರು ಮರುವರ್ಷ ಹೊರಬಂದರು. ಹಾಗೆಂದು ಕುರ್ದಿಷ್ ಕಲಿಯಲು ದಾರಿಯೇ ಇಲ್ಲವೆನ್ನಬೇಡಿ, ಅದೇ ಸನಂದಜಿನ ವಿಶ್ವವಿದ್ಯಾಲಯದಲ್ಲಿ ಕುರ್ದಿಷ್ ಸಾಹಿತ್ಯದ ಪದವಿ ಇದೆ. ಅ ಆ ಇ ಈ ಕಲಿಸಿದರೆ ಭದ್ರತೆ ಕೆಡುತ್ತದೆ, ಬಿಎ ಮಾಡಿಸಿದರೆ ಕೆಡುವುದಿಲ್ಲ.

ಫಾರ್ಸಿ ಅಕಾಡೆಮಿಯ ಆತಂಕವನ್ನೂ ಅರ್ಥಮಾಡಿಕೊಳ್ಳಬೇಕು. 2014ರಲ್ಲಿ ಸರ್ಕಾರವೇ ತಾಯ್ನುಡಿ ಕಲಿಸಬೇಕೆಂಬ ಮಾತೆದ್ದಾಗ ಅಕಾಡೆಮಿಯ ಸದಸ್ಯರಲ್ಲಿ ಹೆಚ್ಚಿನವರು ವಿರೋಧಿಸಿದರು. ಇದು ಹೊರದೇಶದವರ ಹುನ್ನಾರ ಎಂದೂ ಕೆಲವರು ಹೇಳಿದರು. ಅತ್ತ ತೆಹ್ರಾನಿನ ಅಂಗಡಿಯಲ್ಲಿ ಚಿಲ್ಲರೆ ಈಸಿಕೊಂಡವರು 'ಮೆರ್ಸಿ' ಎನ್ನುತ್ತಾರೆ, ಪ್ಯಾರಿಸ್ಸಿನ ಹಾಗೆಯೇ. ಫ್ರೆಂಚ್ ಮೆರ್ಸಿಯಿಂದ ದೇಶಕ್ಕೆ ಅಪಾಯವಿಲ್ಲ. ತಬ್ರೀಜಿನ ಅಜ್ಜಿ ತನ್ನ ನುಡಿಯಲ್ಲಿ ಹೇಳುವ ಕೃತಜ್ಞತೆಯ ಹಿಂದೆ ಮಾತ್ರ ವಿದೇಶಿ ಕೈವಾಡ.

2024ರಲ್ಲಿ ಮಸೂದ್ ಪೆಜೆಶ್ಕಿಯಾನ್ ಅಧ್ಯಕ್ಷರಾದರು. ಮಹಾಬಾದಿನಲ್ಲಿ ಹುಟ್ಟಿದವರು, ತುರ್ಕಿ, ಕುರ್ದಿಷ್ ಎರಡೂ ಬಲ್ಲವರು. ಚುನಾವಣೆಯಲ್ಲಿ ಜನಾಂಗಗಳ ಹಕ್ಕಿನ ಮಾತೂ ಆಡಿದ್ದರು. 15ನೇ ವಿಧಿಗೆ ಇನ್ನು ಕೈಕಾಲು ಬರುತ್ತದೆ ಎಂದು ತಬ್ರೀಜಿನವರು ಆಸೆಪಟ್ಟರು. 2025ರ ಫೆಬ್ರವರಿಯಲ್ಲಿ ಶಾಲೆಗಳಲ್ಲಿ ಸ್ಥಳೀಯ ಭಾಷೆಗಳ ಸಾಹಿತ್ಯ ಕಲಿಸುವ ಮಸೂದೆ ಸಂಸತ್ತಿಗೆ ಬಂತು. ಪರ 104, ವಿರುದ್ಧ 130. ಬಿದ್ದುಹೋಯಿತು. ಸಂವಿಧಾನದಲ್ಲಿ ಇರುವ ಸ್ವಾತಂತ್ರ್ಯಕ್ಕೇ ಬಹುಮತ ಸಿಗಲಿಲ್ಲ. ತಬ್ರೀಜಿನ ಫುಟ್‌ಬಾಲ್ ತಂಡ ಟ್ರ್ಯಾಕ್ಟರ್ ಅದೇ ಋತುವಿನಲ್ಲಿ ಮೊದಲ ಬಾರಿಗೆ ದೇಶದ ಲೀಗ್ ಗೆದ್ದಿತು. ಎಲ್ಲರಿಗೂ ತುರ್ಕಿಯಲ್ಲಿ ಶಾಲೆ ಬೇಕು ಎಂದು ಆ ತಂಡದ ಅಭಿಮಾನಿಗಳು ಪ್ರಾಸಬದ್ಧವಾಗಿ ಕೂಗುತ್ತ ಬಂದು ಎಷ್ಟೋ ವರ್ಷಗಳಾದವು. ತಬ್ರೀಜಿನಲ್ಲಿ ಆ ಭಾಷೆಯ ಛಂದಸ್ಸು ಕಲಿಸುವ ದೊಡ್ಡ ಶಾಲೆ ಸದ್ಯಕ್ಕೆ ಸ್ಟೇಡಿಯಮ್ಮೇ.

ಮಸೂದೆ ಬಿದ್ದ ಎರಡೇ ತಿಂಗಳಿಗೆ, ಏಪ್ರಿಲಿನಲ್ಲಿ, ಪೆಜೆಶ್ಕಿಯಾನ್ ನೆರೆದೇಶ ಅಜರ್ಬೈಜಾನಿನ ರಾಜಧಾನಿ ಬಾಕುವಿಗೆ ಅಧಿಕೃತ ಭೇಟಿ ಕೊಟ್ಟರು. ಅಲ್ಲಿ ಆತಿಥೇಯರ ಜೊತೆ ತಮ್ಮ ಮನೆಮಾತಿನಲ್ಲೇ ಹರಟಿದರು. ಯಾವ ತಪಾಸಣಾ ಸಂಸ್ಥೆಯೂ ಅಡ್ಡ ಬರಲಿಲ್ಲ. ತಬ್ರೀಜಿನ ಮಕ್ಕಳಿಗೆ ದಾರಿ ಮುಚ್ಚಿದೆ ಎನ್ನುವ ದೂರುದಾರರಿಗೆ ನನ್ನ ಕೊನೆಯ ವಾದ ಇದೇ. ದಾರಿ ಹಾಸಿಟ್ಟಿದೆ, ನಡೆಯುವವರು ಬೇಕು. ಆರು ವರ್ಷಕ್ಕೆ ಸಾಕಷ್ಟು ಫಾರ್ಸಿ ಕಲಿತು ತಪಾಸಣೆ ಪಾಸಾಗಬೇಕು. ಫಾರ್ಸಿಯಲ್ಲಿ ಓದಿ ಹೃದಯದ ಶಸ್ತ್ರವೈದ್ಯನಾಗಬೇಕು, ಆರೋಗ್ಯ ಮಂತ್ರಿಯಾಗಬೇಕು, ಹದಿನಾರು ವರ್ಷ ಸಂಸತ್ತಿನಲ್ಲಿ ಕೂರಬೇಕು, ಎಪ್ಪತ್ತರ ಹತ್ತಿರ ದೇಶದ ಅಧ್ಯಕ್ಷನಾಗಬೇಕು. ಆಮೇಲೆ ವಿಮಾನ ಹತ್ತಿ ಪಕ್ಕದ ದೇಶಕ್ಕೆ ಹೋದರೆ, ಕೆಂಪು ಹಾಸಿನ ಮೇಲೆ ನಿಂತು, ಅಮ್ಮನ ಭಾಷೆಯನ್ನು ಎಷ್ಟು ಬೇಕಾದರೂ ಆಡಬಹುದು.